ತಪ್ಪು ಕೈ ಸೇರಿದ ರೊಕ್ಕಕ್ಕೆ ಹೊಣೆ ಯಾರು?

ಬೆಳಗಾವಿ–ಬಾಗಲಕೋಟೆ ರಸ್ತೆಯ ಯರಗಟ್ಟಿಯಲ್ಲಿ ಬಸ್ಸಿಳಿದು ಚಹಾ ಕುಡಿದವರು ಈಗ ಚಿಲ್ಲರೆಗಾಗಿ ಕಿಸೆ ತಡಕಬೇಕಾಗಿಲ್ಲ. ಅಂಗಡಿಯ ಗಲ್ಲಾದ ಪಕ್ಕದಲ್ಲಿರುವ ಕ್ಯೂಆರ್ ಫಲಕಕ್ಕೆ ಮೊಬೈಲ್ ಹಿಡಿದರೆ ಸಾಕು. ಹಣ ಬಂದಿತೆಂದು ಪುಟ್ಟ ಪೆಟ್ಟಿಗೆಯೊಂದು ಕೂಗಿ ಹೇಳುತ್ತದೆ. ಹಣ ಹೋಗುವ ದಾರಿ ಇಷ್ಟು ಸುಲಭವಾಗಿದೆ. ಆದರೆ ಅದೇ ಹಣ ವಂಚಕನ ಖಾತೆ ಸೇರಿದರೆ ಮರಳಿ ಬರುವ ದಾರಿ ಅಷ್ಟು ಸುಲಭವಲ್ಲ.

ಇದು ದೂರದ ಊರಿನ ಮಾತಲ್ಲ. 2025ರ ಮಾರ್ಚ್‌ನಲ್ಲಿ ಇದೇ ಜಿಲ್ಲೆಯ ಖಾನಾಪುರ ತಾಲ್ಲೂಕಿನ ವೃದ್ಧ ದಂಪತಿ, ಅಧಿಕಾರಿಗಳೆಂದು ಹೇಳಿಕೊಂಡು ಫೋನಿನಲ್ಲಿ ಹೆದರಿಸಿದವರಿಗೆ 50 ಲಕ್ಷ ರೂಪಾಯಿಗೂ ಹೆಚ್ಚು ಹಣ ಕಳುಹಿಸಿ, ಕೊನೆಗೆ ಪ್ರಾಣವನ್ನೇ ಕಳೆದುಕೊಂಡರು. ಹೀಗೆ ಹೋದ ಹಣದ ನಷ್ಟವನ್ನು ಯಾರು ಹೊರಬೇಕು? ಕಳುಹಿಸಿದವರೇ, ಮುಟ್ಟಿಸಿದ ಬ್ಯಾಂಕೇ, ಅಥವಾ ವಂಚಕನಿಗೆ ಖಾತೆ ತೆರೆದುಕೊಟ್ಟ ಬ್ಯಾಂಕೇ? ಪ್ರಶ್ನೆ ಬಹಳ ಹಳೆಯದು. ಒಂದೊಂದು ಕಾಲ ಇದಕ್ಕೆ ಒಂದೊಂದು ಉತ್ತರ ಕೊಟ್ಟಿದೆ.

ಹುಂಡಿಯ ಕಾಲದ ಸಾವುಕಾರ

ಹುಂಡಿ ಎಂದೊಡನೆ ಇಂದಿನವರಿಗೆ ಸವದತ್ತಿ ಯಲ್ಲಮ್ಮನ ಗುಡ್ಡದ ಕಾಣಿಕೆ ಪೆಟ್ಟಿಗೆ ನೆನಪಾಗಬಹುದು. ಹಿಂದೆ ವ್ಯಾಪಾರಸ್ಥರ ಮಾತಿನಲ್ಲಿ ಹುಂಡಿ ಎಂದರೆ ಒಂದು ಚೀಟಿ. ಇಲ್ಲಿಯ ಸಾವುಕಾರನಿಗೆ ಹಣ ಕಟ್ಟಿ ಚೀಟಿ ಪಡೆದರೆ, ಬೇರೆ ಊರಿನಲ್ಲಿ ಅವನ ಕಡೆಯವನು ಅದನ್ನು ನೋಡಿ ಹಣ ಕೊಡುತ್ತಿದ್ದ. ಕಂಡ ಕೂಡಲೇ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ; ಇಂತಿಷ್ಟು ದಿನಗಳ ನಂತರ ಕೊಡುವುದು ಮುದ್ದತಿ ಹುಂಡಿ. ಆಗ ಈ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಪಕ್ಕದ ರಾಮದುರ್ಗ ಬೇರೆಯೇ ಸಂಸ್ಥಾನ. ಗಡಿಗಳನ್ನು ದಾಟಿ, ಕಳ್ಳಕಾಕರ ಭಯದ ದಾರಿಯಲ್ಲಿ ನಗದಿನ ಗಂಟು ಹೊತ್ತೊಯ್ಯುವುದಕ್ಕಿಂತ ಚೀಟಿಯೇ ಲೇಸೆನಿಸಿತ್ತು.

ಚೀಟಿ ಕಳುವಾದರೆ? ಯಾರಾದರೂ ಖೊಟ್ಟಿ ಚೀಟಿ ತಂದರೆ? ಇದಕ್ಕೆ ವ್ಯಾಪಾರಿಗಳು ಕಂಡುಕೊಂಡ ಉಪಾಯವೇ ಶಹಾಜೋಗ ಹುಂಡಿ. ಇದರ ಹಣವನ್ನು ಚೀಟಿ ತಂದ ಯಾರಿಗೋ ಕೊಡುವಂತಿರಲಿಲ್ಲ. ಪೇಟೆಯಲ್ಲಿ ಮರ್ಯಾದಸ್ಥನೆನಿಸಿದ 'ಶಹಾ', ಅಂದರೆ ಗುರುತಿರುವ ಸಾವುಕಾರನಿಗೆ ಮಾತ್ರ ಕೊಡಬೇಕಿತ್ತು. ಮುಂದೆ ಹುಂಡಿ ಖೊಟ್ಟಿಯೆಂದೋ ಕದ್ದದ್ದೆಂದೋ ಗೊತ್ತಾದರೆ, ಹಣ ಪಡೆದ ಆ ಶಹಾ ಬಡ್ಡಿ ಸಹಿತ ಮರಳಿಸಬೇಕೆಂಬುದು ರೂಢಿ. ಹುಂಡಿ ಕಳೆದುಹೋದರೆ 'ಪೇಠ' ಎಂಬ ಎರಡನೆಯ ಪ್ರತಿ, ಅದೂ ಕಳೆದರೆ 'ಪರಪೇಠ' ಎಂಬ ಮೂರನೆಯ ಪ್ರತಿ ದೊರೆಯುತ್ತಿತ್ತು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ ಕೂಡ ದೇಶಭಾಷೆಯ ಇಂಥ ಪತ್ರಗಳ ಸ್ಥಳೀಯ ರೂಢಿಗೆ ಕೈ ಹಚ್ಚಲಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶ ಒಂದೇ. ಆ ವ್ಯವಸ್ಥೆಯ ಕಣ್ಣು ಹಣ ಪಡೆಯುವವನ ಮೇಲಿತ್ತು. ಪಡೆದವನ ಗುರುತೇ ಕಳುಹಿಸಿದವನ ರಕ್ಷಣೆಯಾಗಿತ್ತು.

ಮಂಗಳೂರಿನ 42 ಚೆಕ್ಕುಗಳು

ಚೆಕ್ಕು ಬಂದ ಮೇಲೆ ಕಣ್ಣು ಸಹಿಯ ಮೇಲೆ ಹೊರಳಿತು. ಸಹಿ ನಿಮ್ಮದಲ್ಲವಾದರೆ ಹಣ ಕೊಡೆಂಬ ಅಪ್ಪಣೆಯೂ ನಿಮ್ಮದಲ್ಲ ಎಂಬುದು ಇಲ್ಲಿಯ ಮೂಲ ತತ್ವ. ಇದನ್ನು ದೇಶಕ್ಕೇ ಸ್ಪಷ್ಟಪಡಿಸಿದ ಮೊಕದ್ದಮೆ ಹುಟ್ಟಿದ್ದು ನಮ್ಮದೇ ರಾಜ್ಯದ ಮಂಗಳೂರಿನಲ್ಲಿ.

ಅಲ್ಲಿಯ ಕೆನರಾ ಸೇಲ್ಸ್ ಕಾರ್ಪೊರೇಷನ್ ಎಂಬ ಕಂಪನಿ ಕೆನರಾ ಬ್ಯಾಂಕಿನಲ್ಲಿ ಖಾತೆ ಹೊಂದಿತ್ತು. ಲೆಕ್ಕಪತ್ರ, ಚೆಕ್ ಪುಸ್ತಕ ಎರಡೂ ಕಂಪನಿಯ ನೌಕರನೊಬ್ಬನ ವಶದಲ್ಲಿದ್ದವು. 1961ರಲ್ಲಿ ಮೋಸ ಬಯಲಾದಾಗ, ಖೊಟ್ಟಿ ಸಹಿಯ 42 ಚೆಕ್ಕುಗಳ ಮೂಲಕ 3,26,047 ರೂಪಾಯಿ 92 ಪೈಸೆ ಖಾತೆಯಿಂದ ಹೋಗಿತ್ತು. ಹಲವು ವರ್ಷ ಪಾಸ್‌ಬುಕ್ ನೋಡಿಯೂ ಸುಮ್ಮನಿದ್ದದ್ದು ಗ್ರಾಹಕನ ತಪ್ಪೆಂದು ಬ್ಯಾಂಕ್ ವಾದಿಸಿತು. ಸುಪ್ರೀಂ ಕೋರ್ಟ್ 1987ರಲ್ಲಿ ಈ ವಾದವನ್ನು ತಳ್ಳಿಹಾಕಿತು. ಖೊಟ್ಟಿ ಸಹಿಯ ಚೆಕ್ಕಿಗೆ ಹಣ ಕೊಟ್ಟರೆ ನಷ್ಟ ಬ್ಯಾಂಕಿನದೇ. ತಿಳಿಯದೆ ಸುಮ್ಮನಿದ್ದ ಮಾತ್ರಕ್ಕೆ ಗ್ರಾಹಕನ ಹಕ್ಕು ಹೋಗುವುದಿಲ್ಲ ಎಂದು ತೀರ್ಪು ನೀಡಿತು.

ಅದೇ 1881ರ ಕಾಯ್ದೆಯ 131ನೇ ಕಲಮು ಇನ್ನೊಂದು ಮಾತು ಹೇಳುತ್ತದೆ. ಗೆರೆ ಎಳೆದ ಚೆಕ್ಕಿನ ಹಣವನ್ನು ತನ್ನ ಗ್ರಾಹಕನಿಗಾಗಿ ವಸೂಲು ಮಾಡುವ ಬ್ಯಾಂಕಿಗೆ ರಕ್ಷಣೆ ಇರುವುದು, ಅದು ಪ್ರಾಮಾಣಿಕವಾಗಿ, ನಿಷ್ಕಾಳಜಿ ಇಲ್ಲದೆ ನಡೆದುಕೊಂಡಾಗ ಮಾತ್ರ. ಅಂದರೆ ಶಹಾನ ಹೊಣೆಯ ಒಂದು ಪಾಲು ಹಣ ಪಡೆಯುವ ಬ್ಯಾಂಕಿಗೆ ಬಂದಂತಾಯಿತು.

ಹೆಸರಿಲ್ಲದ ಅಂಕೆ

ಕಂಪ್ಯೂಟರ್ ಬಂದ ಮೇಲೆ ಲೆಕ್ಕಾಚಾರ ಬದಲಾಯಿತು. ಹಣ ಜಮಾ ಮಾಡುವಾಗ ಖಾತೆಯ ಸಂಖ್ಯೆಯನ್ನಷ್ಟೇ ಆಧರಿಸಲು 2010ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಅವಕಾಶ ನೀಡಿತು. ಹೆಸರು ಹೊಂದಲೇಬೇಕೆಂದಿರಲಿಲ್ಲ. 2016ರಲ್ಲಿ ಯುಪಿಐ ಬಂದ ಮೇಲೆ ಹಣ ಕ್ಷಣಮಾತ್ರದಲ್ಲಿ ಖಾತೆಯಿಂದ ಖಾತೆಗೆ ಹಾರತೊಡಗಿತು. ವೇಗ ಹೆಚ್ಚಿತು, ಶಹಾ ಮರೆಯಾದ.

ಗ್ರಾಹಕರ ರಕ್ಷಣೆಗೆ 2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ಮಹತ್ವದ ಸುತ್ತೋಲೆ ಹೊರಡಿಸಿತು. ಗ್ರಾಹಕನ ಅರಿವಿಲ್ಲದೆ ಮೂರನೆಯವರ ಕೈವಾಡದಿಂದ ಹಣ ಹೋಗಿ, ಅವನು 3 ಕೆಲಸದ ದಿನಗಳೊಳಗೆ ತಿಳಿಸಿದರೆ ಅವನ ನಷ್ಟ ಸೊನ್ನೆ. 4ರಿಂದ 7 ದಿನಗಳೊಳಗೆ ತಿಳಿಸಿದರೆ ಸಾಮಾನ್ಯ ಉಳಿತಾಯ ಖಾತೆದಾರನ ನಷ್ಟಕ್ಕೆ 10,000 ರೂಪಾಯಿಯ ಮಿತಿ. ತಪ್ಪು ಗ್ರಾಹಕನದೆಂದು ಸಾಬೀತುಪಡಿಸುವ ಭಾರ ಬ್ಯಾಂಕಿನದು. ಮಂಗಳೂರಿನ ಮೊಕದ್ದಮೆಯ ತತ್ವ ಇಲ್ಲಿ ಹೊಸ ರೂಪದಲ್ಲಿ ಕಾಣುತ್ತದೆ.

ಆದರೆ ಒಂದು ದೊಡ್ಡ ಕಂಡಿ ಉಳಿಯಿತು. ಗ್ರಾಹಕನೇ ಒಟಿಪಿ ಹೇಳಿಬಿಟ್ಟರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವನದೇ; ತಿಳಿಸಿದ ನಂತರದ್ದು ಮಾತ್ರ ಬ್ಯಾಂಕಿನದು. ಹೆದರಿಕೆಯಿಂದಲೋ ಆಸೆಯಿಂದಲೋ ತಾನೇ ಪಿನ್ ಒತ್ತಿ ಕಳುಹಿಸಿದವನ ಗತಿಯಂತೂ ಇನ್ನೂ ಕಷ್ಟ. ಇಲ್ಲಿ ಸಹಿ ಖೊಟ್ಟಿಯಲ್ಲ, ಕಾರಣ ಖೊಟ್ಟಿ. ಹಳೆಯ ಕಾನೂನು ಸಹಿಯನ್ನು ನೋಡುತ್ತಿತ್ತೇ ಹೊರತು ಕಾರಣವನ್ನಲ್ಲ. ವಂಚಕರು ಇಂದು ಹೊಕ್ಕಿರುವುದು ಇದೇ ಕಂಡಿಯಲ್ಲಿ.

ಮತ್ತೆ ಶಹಾನ ಕಡೆಗೆ

ಈ ಕಂಡಿ ಮುಚ್ಚಲು ಬ್ರಿಟನ್ 2024ರ ಅಕ್ಟೋಬರ್ 7ರಿಂದ ಹೊಸ ನಿಯಮ ಜಾರಿಗೆ ತಂದಿತು. ಮೋಸಹೋಗಿ ತಾನೇ ಹಣ ಕಳುಹಿಸಿದವನಿಗೂ 85,000 ಪೌಂಡ್‌ವರೆಗೆ ಪರಿಹಾರವುಂಟು. ಅದರ ಅರ್ಧ ಕಳುಹಿಸಿದ ಬ್ಯಾಂಕಿನದು, ಅರ್ಧ ಪಡೆದ ಬ್ಯಾಂಕಿನದು. ವಂಚಕನಿಗೆ ಖಾತೆ ತೆರೆದುಕೊಟ್ಟವರೂ ತೆರಬೇಕೆಂಬ ಈ ನಿಯಮವನ್ನು ಕಂಡಿದ್ದರೆ ನಮ್ಮ ಹಳೆಯ ಪೇಟೆಯ ಸಾವುಕಾರರಿಗೆ ಆಶ್ಚರ್ಯವೇನೂ ಆಗುತ್ತಿರಲಿಲ್ಲ.

ನಮ್ಮಲ್ಲೂ ಆ ದಿಕ್ಕಿನಲ್ಲಿ ಹೆಜ್ಜೆಗಳು ಬಿದ್ದಿವೆ. ಆರ್‌ಟಿಜಿಎಸ್ ಮತ್ತು ನೆಫ್ಟ್ ಮೂಲಕ ಹಣ ಕಳುಹಿಸುವ ಮುನ್ನ ಪಡೆಯುವವನ ಹೆಸರು ಕಾಣುವ ವ್ಯವಸ್ಥೆಯನ್ನು 2025ರ ಏಪ್ರಿಲ್ 1ರೊಳಗೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತು. ಅಂಕೆಗೆ ಮತ್ತೆ ಹೆಸರು ಬಂದಿತು. ಆದರೆ ಕಮಿಷನ್ ಆಸೆಗೆ ಬಡವರು, ವಿದ್ಯಾರ್ಥಿಗಳು ಬಾಡಿಗೆಗೆ ಕೊಡುವ ಖಾತೆಗಳು ಇರುವವರೆಗೆ ಹೆಸರು ಕಂಡರೂ ಮನುಷ್ಯ ಕಾಣುವುದಿಲ್ಲ.

ಸದ್ಯಕ್ಕೆ ಮೋಸಹೋದವರ ಕೈಯಲ್ಲಿರುವ ದೊಡ್ಡ ಆಯುಧ ಸಮಯ. ವಂಚನೆ ಗೊತ್ತಾದ ಗಳಿಗೆಯಲ್ಲೇ 1930ಕ್ಕೆ ಫೋನ್ ಮಾಡಬೇಕು. ಬ್ಯಾಂಕಿಗೂ ತಿಳಿಸಿ ದೂರಿನ ಸಂಖ್ಯೆ ಪಡೆಯಬೇಕು. ಹಣ ಮುಂದಿನ ಖಾತೆಗೆ ಜಿಗಿಯುವ ಮೊದಲೇ ಅದನ್ನು ತಡೆಹಿಡಿಯಲು ಸಾಧ್ಯವಾದರೆ ಮರಳಿ ಸಿಗುವ ಆಸೆ ಉಂಟು. 30 ದಿನಗಳಾದರೂ ಬ್ಯಾಂಕ್ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ಮನೆಯವರು ಬೈದಾರು, ಊರವರು ನಕ್ಕಾರು ಎಂದು ಮುಚ್ಚಿಟ್ಟ ಒಂದೊಂದು ಗಳಿಗೆಯೂ ವಂಚಕನ ಲಾಭಕ್ಕೇ ಜಮಾ.

ಚೀಟಿಯ ಕಾಲದಲ್ಲಿ ಪೇಟೆಗೆ ಒಂದು ವಿವೇಕವಿತ್ತು: ರೊಕ್ಕ ಕೊಡುವ ಮುನ್ನ ಪಡೆಯುವವನು ಯಾರೆಂದು ನೋಡು, ಮೋಸವಾದರೆ ಪಡೆದವನನ್ನು ಕೇಳು. ಚೀಟಿ ಹೋಗಿ ಮೊಬೈಲ್ ಬಂದಿದೆ. ಆ ವಿವೇಕವನ್ನು ಮೊಬೈಲಿಗೂ ಕಲಿಸುವ ಕೆಲಸ ಬಾಕಿ ಇದೆ.