ಕಪಾಟಿನ ಕೀಲಿಕೈ ಯಾರ ಹತ್ತಿರ?
(ಶಾಲಾ ಗ್ರಂಥಾಲಯ ಮತ್ತು ಮಕ್ಕಳ ಮತ: ಒಂದು ಇತಿಹಾಸದ ನೋಟ)

ಧಾರವಾಡವನ್ನು ವಿದ್ಯಾಕಾಶಿ ಎಂದು ಕರೆಯುವುದು ವಾಡಿಕೆ. ಈ ಹೆಸರು ಬರೀ ಕಾಲೇಜುಗಳಿಂದ ಬಂದುದಲ್ಲ, ಪುಸ್ತಕಗಳಿಂದಲೂ ಬಂದುದು. ಆದರೆ ಈ ಪುಸ್ತಕಗಳ ಇತಿಹಾಸದಲ್ಲಿ ವಿದ್ಯಾರ್ಥಿಯ ಸ್ಥಾನ ಎಲ್ಲಿತ್ತು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡಿದ್ದು ಕಡಿಮೆ.

ಈ ಭಾಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ ಮರಾಠಿಯ ಪ್ರಭಾವ ಹೆಚ್ಚಾಗಿದ್ದು, ಕನ್ನಡದಲ್ಲಿ ಓದಲು ಪುಸ್ತಕಗಳೇ ಸಾಲುತ್ತಿರಲಿಲ್ಲ. ಶಿಕ್ಷಣ ಇಲಾಖೆಯಲ್ಲಿದ್ದ ರಾ.ಹ. ದೇಶಪಾಂಡೆಯವರು 1890ರ ಜುಲೈ 20ರಂದು ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದರು. ಒಳ್ಳೆಯ ಕನ್ನಡ ಪುಸ್ತಕ ಬರೆದವರಿಗೆ ಬಹುಮಾನ ಕೊಡುವುದು, ಅದನ್ನು ಅಚ್ಚು ಹಾಕಿಸುವುದು ಸಂಘದ ಮುಖ್ಯ ಕೆಲಸಗಳಲ್ಲಿ ಒಂದಾಗಿತ್ತು. ಬಹುಮಾನಕ್ಕೆ ಯೋಗ್ಯವಾದುದು ಯಾವುದೆಂದು ನಿರ್ಣಯಿಸುವವರು ಪಂಡಿತರು. ಆ ಕಾಲಕ್ಕೆ ಅದು ಸಹಜವೇ ಆಗಿತ್ತು.

ಪುಸ್ತಕವನ್ನು ಓದುಗನ ಮನೆಬಾಗಿಲಿಗೆ ತಂದವರು ಗಳಗನಾಥರು. ಸ್ವತಃ ಶಾಲಾ ಮಾಸ್ತರರಾಗಿದ್ದ ಅವರು ತಾವು ಬರೆದ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದಾಗ ಚಂದಾ ಕೊಡುವ ಓದುಗರೇ ಅದರ ಬಲವಾದರು. ಹೀಗೆ ಓದುಗನ ಇಷ್ಟಕ್ಕೆ ಒಂದಿಷ್ಟು ಬೆಲೆ ಬಂದಿತು. ಆದರೆ ಈ ಓದುಗ ದೊಡ್ಡವನು, ಕಿಸೆಯಲ್ಲಿ ದುಡ್ಡಿದ್ದವನು.

ಉರ್ದುವಿನಲ್ಲಿಯೂ ಮಕ್ಕಳಿಗಾಗಿ ಬರೆದ ಹಿರಿಯರಿದ್ದಾರೆ. 1967ರಲ್ಲಿ ರಾಷ್ಟ್ರಪತಿಗಳಾದ ಡಾ. ಝಾಕಿರ್ ಹುಸೇನರು ‘ಅಬ್ಬೂ ಖಾನ್ ಕೀ ಬಕ್ರೀ’ ಎಂಬ ಮಕ್ಕಳ ಕಥೆ ಬರೆದವರು. ದಿಲ್ಲಿಯಿಂದ ಬರುತ್ತಿದ್ದ ‘ಖಿಲೋನಾ’ ಮಾಸಿಕವನ್ನು ಕಾದು ಕುಳಿತು ಓದಿದ ಹಿರಿಯರು ನಮ್ಮ ಮನೆಗಳಲ್ಲಿ ಇಂದಿಗೂ ಇದ್ದಾರೆ.

ಸ್ವಾತಂತ್ರ್ಯಾನಂತರ ಕಾನೂನು, ಯೋಜನೆಗಳು ಒಂದರ ಹಿಂದೊಂದು ಬಂದವು. 1965ರಲ್ಲಿ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಆಯಿತು. 1987ರ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಪ್ರಾಥಮಿಕ ಶಾಲೆಗಳಿಗೆ ಪುಸ್ತಕ ತಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯು ಪ್ರತಿ ಶಾಲೆಯಲ್ಲೂ ಕಥೆಪುಸ್ತಕ, ಪತ್ರಿಕೆಗಳಿರುವ ಗ್ರಂಥಾಲಯ ಇರಲೇಬೇಕೆಂದು ಹೇಳುತ್ತದೆ. 2018ರಿಂದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸರ್ಕಾರಿ ಶಾಲೆಗಳಿಗೆ ಗ್ರಂಥಾಲಯಕ್ಕೆಂದೇ 5 ಸಾವಿರದಿಂದ 20 ಸಾವಿರ ರೂಪಾಯಿಗಳವರೆಗೆ ವಾರ್ಷಿಕ ಅನುದಾನವೂ ಗೊತ್ತಾಯಿತು.

ಪುಸ್ತಕಗಳೇನೋ ಬಂದವು. ಮಕ್ಕಳ ಕೈಗೆ ಬಂದವೇ? ನಾನು ಮೊದಲು ಕೆಲಸ ಮಾಡಿದ ಶಾಲೆಯಲ್ಲಿ ಎರಡು ಕಪಾಟು ಪುಸ್ತಕಗಳಿದ್ದವು. ಅವು ತೆರೆಯುತ್ತಿದ್ದುದು ತಪಾಸಣೆಯ ದಿನ ಮಾತ್ರ. ಪುಸ್ತಕ ಕಳೆದರೆ ಸ್ಟಾಕ್ ರಜಿಸ್ಟರಿಗೆ ಉತ್ತರ ಹೇಳಬೇಕಾದವರು ಶಿಕ್ಷಕರು. ಈ ಅಂಜಿಕೆಯಿಂದ ನಾನೂ ಒಂದು ವರ್ಷ ಕೀಲಿಕೈಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿಯೇ ಪಂಚಸೂತ್ರಗಳನ್ನು ಬರೆದಿದ್ದರು. ಪುಸ್ತಕವನ್ನು ಕಾಯುವುದಕ್ಕಿಂತ ಬಳಸುವುದು ಮುಖ್ಯವೆಂಬುದೇ ಅವುಗಳಲ್ಲಿ ಮೊದಲನೆಯ ಸೂತ್ರದ ತಿರುಳು. ನಾವು ಬಿ.ಎಡ್.ನಲ್ಲಿ ಇಂಥವನ್ನೆಲ್ಲ ಓದಿ ಪರೀಕ್ಷೆ ಬರೆದು ಮರೆತೆವು.

ಇನ್ನು ಪ್ರಶಸ್ತಿಯ ಮಾತು. ಕೇಂದ್ರ ಸಾಹಿತ್ಯ ಅಕಾಡೆಮಿಯು 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ನೀಡುತ್ತಿದೆ. ಮೊದಲ ವರ್ಷ ಕನ್ನಡದಲ್ಲಿ ಅದನ್ನು ಪಡೆದವರು ಬೊಳುವಾರು ಮಹಮ್ಮದ್ ಕುಂಞಿ ಅವರು ಎಂಬುದು ಹೆಮ್ಮೆಯ ಸಂಗತಿ. ಆದರೆ ಇಲ್ಲಿಯೂ ಆರಿಸುವವರು ಹಿರಿಯರೇ. ಬೇರೆ ದೇಶಗಳಲ್ಲಿ ಈ ಅಧಿಕಾರವನ್ನು ಮಕ್ಕಳಿಗೇ ಕೊಟ್ಟ ಉದಾಹರಣೆಗಳಿವೆ. ಅಮೆರಿಕದ ಸಿಯಾಟಲ್ ನಗರದ ಪುಸ್ತಕ ವ್ಯಾಪಾರಿ ಹ್ಯಾರಿ ಹಾರ್ಟ್‌ಮನ್ ಅವರ ಪ್ರಯತ್ನದಿಂದ 1940ರಲ್ಲಿ ಮಕ್ಕಳ ಮತದಿಂದಲೇ ಪ್ರಶಸ್ತಿ ಕೊಡುವ ಪದ್ಧತಿ ಪ್ರಾರಂಭವಾಯಿತು. 1952ರಲ್ಲಿ ಕನ್ಸಾಸ್ ರಾಜ್ಯವೂ ಈ ದಾರಿ ಹಿಡಿಯಿತು. ಫ್ರಾನ್ಸಿನಲ್ಲಿ 1988ರಿಂದ ಪ್ರತಿ ವರ್ಷ ಸುಮಾರು 2,000 ಪ್ರೌಢಶಾಲಾ ವಿದ್ಯಾರ್ಥಿಗಳು ಹೊಸ ಕಾದಂಬರಿಗಳನ್ನು ಓದಿ, ಚರ್ಚಿಸಿ ಒಂದನ್ನು ಆರಿಸುತ್ತಾರೆ.

ನಮ್ಮಲ್ಲಿಯೂ ಗಾಳಿ ಬದಲಾಗಿದೆ. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದ ಮೂಲಕ ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಶಾಲಾಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟವು. ಬಾಗಿಲು ತೆರೆದಿದೆ, ಮತದ ಹಕ್ಕು ಮಾತ್ರ ಬಾಕಿ ಇದೆ.

ಹಿಂದಿನ ವರ್ಷ ನನ್ನ ಎಂಟನೆಯ ಇಯತ್ತೆಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಿದೆ. ನಾಲ್ಕು ಉರ್ದು, ನಾಲ್ಕು ಕನ್ನಡ ಪುಸ್ತಕಗಳು. ಕನಿಷ್ಠ ಮೂರು ಓದಿದವರಿಗೆ, ಅದರಲ್ಲಿ ಒಂದಾದರೂ ಕನ್ನಡದ್ದಾದರೆ ಮಾತ್ರ ಮತ. ಮತಪೆಟ್ಟಿಗೆ ಎಂದರೆ ಬೂಟಿನ ಖಾಲಿ ಡಬ್ಬಿ. ಗೆಲ್ಲುತ್ತದೆಂದು ನಾನು ಭಾವಿಸಿದ್ದ ನೀತಿಕಥೆಗಳ ಪುಸ್ತಕಕ್ಕೆ ಬಿದ್ದದ್ದು ಎರಡೇ ಮತ! ಗೆದ್ದದ್ದು ತೆಳ್ಳನೆಯ ಒಂದು ಕನ್ನಡ ಕಥೆಪುಸ್ತಕ. ಕನ್ನಡ ಒತ್ತಕ್ಷರಗಳಿಗೆ ತಡವರಿಸುತ್ತಿದ್ದ ಒಬ್ಬ ವಿದ್ಯಾರ್ಥಿನಿ ಅದನ್ನು ಮೂರು ಸಲ ಓದಿ, ‘ಇದಕ್ಕೇ ಯಾಕೆ ಕೊಡಬೇಕು’ ಎಂದು ತರಗತಿಯ ಮುಂದೆ ಕನ್ನಡದಲ್ಲಿಯೇ ವಾದಿಸಿದಳು. ಉರ್ದು ಮಾಧ್ಯಮದ ಮಕ್ಕಳಿಗೆ ಎಸ್.ಎಸ್.ಎಲ್.ಸಿ.ಯಲ್ಲಿ ಕನ್ನಡ ಎಷ್ಟು ಭಾರವೆಂಬುದನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು. ವರ್ಷದ ಕೊನೆಗೆ ಎರಡು ಪುಸ್ತಕಗಳು ಕಳೆದವು, ಅವುಗಳ ಬೆಲೆಯನ್ನು ನಾನೇ ತುಂಬಿದೆ. ನಷ್ಟವೆನಿಸಲಿಲ್ಲ.

ಸಂಸ್ಥೆಯ ಹಿರಿಯರಲ್ಲಿ ಒಂದು ಅರಿಕೆ: ವಾರಕ್ಕೆ ಒಂದು ಪಿರಿಯಡ್ಡನ್ನು ಓದಿಗಾಗಿ ಮೀಸಲಿಡೋಣ, ಕಳೆಯುವ ನಾಲ್ಕು ಪುಸ್ತಕಗಳಿಗೆಂದು ಸ್ವಲ್ಪ ಹಣ ತೆಗೆದಿಡೋಣ. ವಿದ್ಯಾರ್ಥಿ ಮಿತ್ರರೇ, ನಿಮ್ಮ ಶಾಲೆಯ ಕಪಾಟಿನ ಕೀಲಿಕೈ ಯಾರ ಹತ್ತಿರ ಇದೆ ಎಂದು ನಾಳೆಯೇ ವಿಚಾರಿಸಿರಿ.