ಕವಲೇದುರ್ಗ ಹತ್ತೋರಿಗೆ: ದಾರಿ, ಹೊತ್ತು, ಉಣುಗು, ಮತ್ತೆ ಮೇಲಿರೋ ಖಾಲಿ ಊರಿನ ವಿಷ್ಯ

ತೀರ್ಥಹಳ್ಳಿ: ಶನಿವಾರ, ಭಾನುವಾರ ಪೇಟೆಯ ಅಂಗಡಿಯವರನ್ನ ಮಾತಾಡಿಸಿದ್ರೆ ಹೆಚ್ಚುಕಮ್ಮಿ ಎಲ್ಲರೂ ಹೇಳೋದು ಒಂದೇ. ಬೆಂಗಳೂರು ನಂಬರಿನ ಕಾರು ನಿಲ್ಲುತ್ತೆ, ಎರಡು ನೀರಿನ ಬಾಟ್ಲಿ, ಒಂದು ಚಿಪ್ಸ್ ಪ್ಯಾಕೆಟ್ ತಗೊಳ್ತಾರೆ, ಆಮೇಲೆ 'ಸಾರ್, ಕೌಲೇದುರ್ಗ ಎಷ್ಟು ದೂರ? ಹತ್ತೋಕೆ ಎಷ್ಟು ಹೊತ್ತು? ಮೇಲೆ ಏನಿದೆ?' ಅಂತ ಕೇಳ್ತಾರೆ. ಮೊದಲ ಪ್ರಶ್ನೆಗೆ ಎಲ್ಲರ ಹತ್ರ ಉತ್ತರ ಇದೆ. ಮೂರನೇದಕ್ಕೆ 'ಏನಿಲ್ಲ, ಬರೀ ಕಲ್ಲು' ಅಂದುಬಿಡ್ತೀವಿ. ನಮ್ಮಲ್ಲಿ ಅರ್ಧ ಜನ ಹತ್ತಿ ನೋಡಿಯೇ ಇಲ್ಲ ಅನ್ನೋದು ಸತ್ಯ. ಅದಕ್ಕೇ ಈ ಬರಹ. ಕೇಳಿದವರಿಗೆ ಹೇಳೋಕೆ ಆಗ್ಲಿ, ನೀವೇ ಹೋಗೋಕೆ ಆಗ್ಲಿ, ಮೊಬೈಲಲ್ಲಿ ಇಟ್ಕೊಳ್ಳಿ.

ಮೊದಲು ಹೆಸರಿನ ವಿಚಾರ. ಹತ್ತೊಂಬತ್ತನೇ ಶತಮಾನದ ಸರ್ಕಾರಿ ಕಾಗದದಲ್ಲಿ ನಮ್ಮ ತಾಲ್ಲೂಕಿನ ಹೆಸರೇ ಕವಲೇದುರ್ಗ. ತೀರ್ಥಹಳ್ಳಿ ತಾಲ್ಲೂಕು ಅನ್ನೋ ಹೆಸರು ಬಂದಿದ್ದು 1880ರ ದಶಕದಲ್ಲಿ. ಅಂದ್ರೆ ಈಗ ನಾವು 'ಆ ಬೆಟ್ಟದ ಮೇಲಿನ ಹಾಳು' ಅಂತ ಕರೆಯೋ ಜಾಗದ ಹೆಸರಲ್ಲೇ ನಮ್ಮ ಮುತ್ತಜ್ಜಂದಿರು ಕಂದಾಯ ಕಟ್ಟುತ್ತಿದ್ದರು. ಅದಕ್ಕಿಂತ ಹಳೇ ಹೆಸರು ಭುವನಗಿರಿ ದುರ್ಗ.

ಹೋಗೋ ದಾರಿ

ತೀರ್ಥಹಳ್ಳಿ ಪೇಟೆಯಿಂದ ಇಪ್ಪತ್ತು ಕಿಲೋಮೀಟರಿನ ಒಳಗೆ ಕವಲೇದುರ್ಗ ಊರು ಸಿಗುತ್ತೆ. ಸ್ವಂತ ಗಾಡಿ ಇದ್ದರೆ ಸಲೀಸು. ಬಸ್ ನಂಬಿ ಹೋಗೋದಾದ್ರೆ ವಾಪಸ್ ಬರೋ ಬಸ್ಸಿನ ಟೈಮ್ ಕೇಳಿಕೊಂಡೇ ಹತ್ತಿ. ಆಟೋ ಮಾಡಿದ್ರೆ ಕಾಯೋದಕ್ಕೂ ಸೇರಿಸಿ ಮೊದಲೇ ಬಾಡಿಗೆ ಮಾತಾಡಿ, ಇಳಿದ ಮೇಲೆ ಅಲ್ಲಿ ಆಟೋ ಸಿಗಲ್ಲ. ಮಣಿಪಾಲ, ಉಡುಪಿ ಕಡೆಯಿಂದ ಆಗುಂಬೆ ಘಾಟಿ ಹತ್ತಿ ಬರೋ ಹುಡುಗರು ತುಂಬಾ ಜನ. ಅವರು ಬೆಳಿಗ್ಗೆ ಲೇಟಾಗಿ ಹೊರಟು ಮಧ್ಯಾಹ್ನ ಮುಟ್ಟುತ್ತಾರೆ, ತೊಂದರೆ ಶುರುವಾಗೋದೇ ಅಲ್ಲಿಂದ. ಅದನ್ನ ಮುಂದೆ ಹೇಳ್ತೀನಿ.

ಊರಿಂದ ಗದ್ದೆ ಬದಿಯ ದಾರಿ. ಪಕ್ಕದಲ್ಲೇ ತಿಮ್ಮಣ್ಣ ನಾಯಕನ ಕೆರೆ. ಅಲ್ಲಿಂದ ಮರದ ನೆರಳಲ್ಲಿ ಕಲ್ಲು ಚಪ್ಪಡಿ ಹಾಸಿದ ಹಳೇ ದಾರಿ ಏರುತ್ತೆ. ಚಪ್ಪಡಿ ಒಂದೊಂದೂ ಒಂದೊಂದು ಎತ್ತರ, ಹಾಗಾಗಿ ಚಪ್ಪಲಿ ಹಾಕಿಕೊಂಡು ಹೋಗೋದು ಬೇಡ, ಹಿಡಿತ ಇರೋ ಶೂ ಬೇಕು. ಮಾಮೂಲಿ ನಡೆಯೋರಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಮಕ್ಕಳು, ವಯಸ್ಸಾದವರು ಇದ್ರೆ ಒಂದೂವರೆ ಗಂಟೆ ಇಟ್ಕೊಳ್ಳಿ. ಅವಸರ ಮಾಡೋದು ಬೇಡ.

ಇಂಟರ್ನೆಟ್ಟಲ್ಲಿ ಈ ಬೆಟ್ಟ 1,541 ಮೀಟರ್ ಎತ್ತರ ಅಂತ ಎಲ್ಲ ಕಡೆ ಬರೆದುಬಿಟ್ಟಿದ್ದಾರೆ. ಒಬ್ಬರು ಬರೆದದ್ದನ್ನ ಇನ್ನೊಬ್ಬರು ಎತ್ತಿದ್ದು. ಕೊಡಚಾದ್ರಿನೇ 1,343 ಮೀಟರ್. ದುರ್ಗದ ತುದಿಯಲ್ಲಿ ನಿಂತು ಕೊಡಚಾದ್ರಿ ಕಡೆ ನೋಡಿ, ಯಾವುದು ಎತ್ತರ ಅಂತ ಕಣ್ಣಿಗೇ ಗೊತ್ತಾಗುತ್ತೆ. ನಮ್ಮ ದುರ್ಗದ ಎತ್ತರ ಸಮುದ್ರಮಟ್ಟದಿಂದ ಸುಮಾರು 3,000 ಅಡಿ, ಅಷ್ಟೇ. ಆ ಸಂಖ್ಯೆ ನೋಡಿ ಹೆದರಿ ವಾಪಸ್ ಹೋಗೋದೂ ಬೇಡ, ದೊಡ್ಡ ಟ್ರೆಕ್ಕಿಂಗ್ ಅಂತ ಭುಜಕ್ಕೆ ಮೂಟೆ ಕಟ್ಟಿಕೊಂಡು ಬರೋದೂ ಬೇಡ.

ಮೇಲೆ ಏನಿದೆ

ಇದು ಬರೀ ಕೋಟೆ ಅಲ್ಲ, ಒಂದು ಊರು. ಇದನ್ನ ತಲೇಲಿ ಇಟ್ಕೊಂಡು ಹತ್ತಿದ್ರೆ ಕಾಣೋದೇ ಬೇರೆ.

ಬೆಟ್ಟದ ಸುತ್ತ ಮೂರು ಸುತ್ತಿನ ಗೋಡೆ. ದೊಡ್ಡ ದೊಡ್ಡ ಕಲ್ಲನ್ನ ಒಂದಕ್ಕೊಂದು ಕೂರುವ ಹಾಗೆ ಕಡಿದು ಪೇರಿಸಿದ್ದಾರೆ. ಒಂದೊಂದು ಸುತ್ತಿಗೂ ಒಂದು ಹೆಬ್ಬಾಗಿಲು, ಬಾಗಿಲ ಎರಡೂ ಕಡೆ ಕಾವಲಿನವರು ಕೂರೋ ಜಾಗ. ದಾರಿ ನೇರ ಹೋಗಲ್ಲ, ತಿರುಗಿ ತಿರುಗಿ ಬಾಗಿಲಿಗೆ ಬರುತ್ತೆ. ಓಡಿ ಬರೋ ಶತ್ರು ಬಾಗಿಲ ಮುಂದೆ ತಿರುಗಲೇಬೇಕು, ತಿರುಗಿದಾಗ ಪಕ್ಕ ಮೇಲಿನವರಿಗೆ ಸಿಗುತ್ತೆ. ನಡುವೆ ನೀರಿನ ಕೊಳ ಇವೆ. ಬೇಸಿಗೆಯಲ್ಲೂ ಬೆಟ್ಟದ ಮೇಲೆ ನೀರು ಇಟ್ಕೊಂಡಿದ್ದೇ ಈ ಊರಿನ ದೊಡ್ಡ ಕೆಲಸ ಅಂತ ನನಗನ್ಸುತ್ತೆ. ನಮ್ಮ ವಾರ್ಡಿಗೆ ಏಪ್ರಿಲ್‌ನಲ್ಲಿ ಟ್ಯಾಂಕರ್ ಬರುತ್ತೆ, ಇರ್ಲಿ.

ಮೂರನೇ ಬಾಗಿಲು ದಾಟಿದ ಮೇಲೆ ಕಾಶಿ ವಿಶ್ವನಾಥ ದೇವಸ್ಥಾನ. ಮುಂದೆ ಎತ್ತರದ ಎರಡು ಕಲ್ಲುಕಂಬ. ಫೋಟೋ ತೆಗೆಯೋರೆಲ್ಲ ಇಲ್ಲೇ ನಿಲ್ತಾರೆ. ಗೋಡೆ ಮೇಲಿನ ಪ್ರಾಣಿಗಳ ಉಬ್ಬುಚಿತ್ರ ನೋಡೋಕೆ ಒಂದು ಸುತ್ತು ಹಾಕಿ ಬನ್ನಿ.

ಆಮೇಲೆ ಅರಮನೆ. ಇಲ್ಲೇ ಎಲ್ಲರಿಗೂ ನಿರಾಸೆ ಆಗೋದು. ಗೋಡೆ ಇಲ್ಲ, ಮಾಡು ಇಲ್ಲ, ಬರೀ ಜಗಲಿ ಮಟ್ಟದ ತಳಪಾಯ. ಕೆಳದಿಯವರ ಅರಮನೆ ಅಂದ್ರೆ ನಮ್ಮ ಮಲೆನಾಡಿನ ತೊಟ್ಟಿಮನೆಯ ದೊಡ್ಡ ರೂಪ ಅಂದ್ಕೊಳ್ಳಿ. ಮರದ ಕಂಬ, ಮರದ ತೊಲೆ. ನಮ್ಮ ಮಳೆಗೆ ಮರ ಎಷ್ಟು ದಿನ ತಾಳುತ್ತೆ? ಹೋಗಿದ್ದು ಮರ, ಉಳಿದಿದ್ದು ಕಲ್ಲು. ಸಾಲಾಗಿ ಕೂತಿರೋ ಕಂಬದ ಪಾದಗಲ್ಲು ಎಣಿಸಿಕೊಂಡು ನಡೆದ್ರೆ ಪಡಸಾಲೆ ಎಷ್ಟು ದೊಡ್ಡದಿತ್ತು ಅಂತ ಅಂದಾಜು ಸಿಗುತ್ತೆ. ಅಡುಗೆ ಮನೆಯ ಕಲ್ಲಿನ ಒಲೆ ಹುಡುಕಿ. ಒಂದೇ ಕಲ್ಲಲ್ಲಿ ಹಲವು ಪಾತ್ರೆ ಇಡೋ ಹಾಗೆ ಇದೆ. ಬಚ್ಚಲ ಮನೆ ಇದೆ, ನೀರು ಹೊರಗೆ ಹೋಗೋ ಕಾಲುವೆ ಇದೆ. ನಮ್ಮಮ್ಮನ್ನ ಒಂದ್ಸಲ ಕರ್ಕೊಂಡು ಹೋಗಿದ್ದೆ. ದೇವಸ್ಥಾನದಲ್ಲಿ ಕೈ ಮುಗಿದಳು, ಆದ್ರೆ ಹೊತ್ತು ನಿಂತಿದ್ದು ಒಲೆ ಮುಂದೆ. 'ಇಲ್ಲಿ ಅಡುಗೆ ಮಾಡೋಳಿಗೆ ಸೌದೆ ಯಾರು ಹೊತ್ತು ತರ್ತಿದ್ರು' ಅಂದಳು. ಯಾವ ಬೋರ್ಡಲ್ಲೂ ಅದಕ್ಕೆ ಉತ್ತರ ಇಲ್ಲ.

ಇನ್ನೂ ಮೇಲೆ ಬಂಡೆ ತುದಿಯಲ್ಲಿ ಶಿಖರೇಶ್ವರ ಗುಡಿ, ಚಿಕ್ಕದು. ಪಶ್ಚಿಮಕ್ಕೆ ಘಟ್ಟದ ಸಾಲು, ಹಿನ್ನೀರಿನ ಹೊಳಪು. ಸೂರ್ಯಾಸ್ತ ನೋಡೋಕೆ ಅಂತಲೇ ಜನ ಬರೋದು ಇಲ್ಲಿಗೆ. ಬಂಡೆ ಅಂಚಿಗೆ ಬೇಲಿ ಗೀಲಿ ನಂಬಬೇಡಿ.

ಯಾರ ಊರು, ಯಾಕೆ ಖಾಲಿ ಆಯ್ತು

ಕೆಳದಿ ನಾಯಕರು ಮೊದಲು ವಿಜಯನಗರದ ಸಾಮಂತರು, ಆಮೇಲೆ ಸ್ವತಂತ್ರರು. ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ ಬಿದನೂರಿಗೆ, ಅಂದ್ರೆ ಈಗಿನ ನಗರಕ್ಕೆ ಬಂತು. ಭುವನಗಿರಿ ಅವರಿಗೆ ಹಿಂದಿನ ಬಾಗಿಲ ಹಾಗೆ, ಕಷ್ಟ ಬಂದಾಗ ಓಡಿ ಬರೋ ಗಟ್ಟಿ ಜಾಗ. 1629ರವರೆಗೆ ಆಳಿದ ಹಿರಿಯ ವೆಂಕಟಪ್ಪ ನಾಯಕ ಇಲ್ಲಿ ಅಗ್ರಹಾರ, ಮಠ, ಉಗ್ರಾಣ, ಲಾಯ ಎಲ್ಲ ಕಟ್ಟಿಸಿ ಊರು ಮಾಡಿದ ಅಂತ ಹೇಳ್ತಾರೆ. ಮಠ ಬೆಟ್ಟದ ಬುಡದಲ್ಲಿ ಈಗಲೂ ಇದೆ. ಬಿಜಾಪುರದ ಸೈನ್ಯ ಬಿದನೂರಿಗೆ ಬಂದಾಗ ರಾಣಿ ಚೆನ್ನಮ್ಮಾಜಿ ಸಿಂಹಾಸನ, ಖಜಾನೆ ಸಮೇತ ಇಲ್ಲಿಗೆ ಬಂದಳು ಅನ್ನೋ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಶಿವಾಜಿ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯ ಎದುರಿಸಿದವಳೂ ಇವಳೇ.

1763ರಲ್ಲಿ ಹೈದರಾಲಿ ಬಿದನೂರು ಗೆದ್ದ. ಕೆಳದಿ ರಾಜ್ಯ ಅಲ್ಲಿಗೆ ಮುಗೀತು. ಆದ್ರೆ ಊರು ಒಂದೇ ದಿನದಲ್ಲಿ ಖಾಲಿ ಆಗಲ್ಲ ಅಲ್ವಾ? ರಾಜ ಹೋದ ಮೇಲೆ ರಾಜನ ಕೆಲಸದವರಿಗೆ ಸಂಬಳ ಇಲ್ಲ. ಸಂಬಳ ಇಲ್ಲದ ಕಡೆ ಅಂಗಡಿ ನಡೆಯಲ್ಲ. ಅಂಗಡಿಯವನು ಕೆಳಗಿಳಿದ್ರೆ ಉಳಿದವರು ಉಪ್ಪಿಗೂ ಇಳೀಬೇಕು. ಶತ್ರು ಭಯ ಕಮ್ಮಿ ಆದ ಮೇಲೆ ಬೆಟ್ಟದ ಮೇಲೆ ಇರೋಕೆ ಕಾರಣವೇ ಇಲ್ಲ. ಗದ್ದೆ ಕೆಳಗೆ, ತೋಟ ಕೆಳಗೆ, ತುಂಗೆ ದಡದಲ್ಲಿ ಸಂತೆ, ಕಚೇರಿ. ಇದು ನನ್ನ ಲೆಕ್ಕಾಚಾರ, ಆದ್ರೆ ಪೇಟೆಯಲ್ಲಿ ಅಂಗಡಿ ಇಟ್ಟಿರೋರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಬಸ್ ಸ್ಟಾಪ್ ನೂರಡಿ ಆಚೆ ಹೋದ್ರೆ ವ್ಯಾಪಾರ ಏನಾಗುತ್ತೆ ನಿಮಗೇ ಗೊತ್ತು.

ನಮ್ಮ ಅಜ್ಜಿ ಮನೆಯವರು ಶರಾವತಿ ಮುಳುಗಡೆಯವರು. 1964ರ ಲಿಂಗನಮಕ್ಕಿ ನೀರು ಅವರ ಊರನ್ನ ನುಂಗಿತು. ಅವರಿಗೆ ತಿರುಗಿ ಹೋಗಿ ತೋರಿಸೋಕೆ ಏನೂ ಇಲ್ಲ. ದುರ್ಗದ ಪಾದಗಲ್ಲು ನೋಡಿದಾಗೆಲ್ಲ ಇವರ ಊರು ಕೊನೇಪಕ್ಷ ಬಿಸಿಲಲ್ಲಿ ಇದೆಯಲ್ಲ ಅನ್ಸುತ್ತೆ. ಅದಕ್ಕೇ ಯಾರಾದ್ರೂ ಅಲ್ಲಿ ಕಲ್ಲಿನ ಮೇಲೆ ಹೆಸರು ಕೆತ್ತಿದ್ರೆ, 'ನಿಧಿ' ಅಂತ ಹಾರೆ ತಗೊಂಡು ಹೋದ್ರೆ ನನಗೆ ಸಿಟ್ಟು ಬರೋದು. ಸಂರಕ್ಷಿತ ಸ್ಮಾರಕ ಅದು. ಅಗೆಯೋದು, ಕಲ್ಲು ಸರಿಸೋದು ಕೇಸಾಗೋ ಕೆಲಸ.

ಹೊತ್ತು, ಮಳೆ, ಉಣುಗು

ಈಗ ಮುಖ್ಯ ವಿಷ್ಯ. ಎರಡು ವರ್ಷದ ಹಿಂದೆ ಜನವರಿಯಲ್ಲಿ ಒಂದು ಕಾಲೇಜಿನ ಐದು ಹುಡುಗರು ಸಂಜೆ ನಾಲ್ಕೂವರೆಗೆ ಹತ್ತೋಕೆ ಶುರು ಮಾಡಿದ್ರು. ಸೂರ್ಯಾಸ್ತದ ವಿಡಿಯೋ ಮಾಡಿಕೊಂಡು ಇಳಿಯೋ ಹೊತ್ತಿಗೆ ಕತ್ತಲೆ. ಒಬ್ಬನ ಪಾದ ಚಪ್ಪಡಿ ಸಂದಿಗೆ ಸಿಕ್ಕಿ ಹೊರಳಿತು. ವಿಡಿಯೋ ಮಾಡಿ ಮೊಬೈಲ್ ಚಾರ್ಜ್ ಖಾಲಿ. ಅವತ್ತು ನಾನು ಬೇರೆ ಸುದ್ದಿಗೆ ಅಂತ ಆ ಕಡೆ ಹೋಗಿದ್ದೆ. ಊರಿನ ನಾಲ್ಕು ಜನ ಬ್ಯಾಟರಿ, ಕಂಬಳಿ, ಎರಡು ಬಿದಿರ ಗಳ ತಗೊಂಡು ಹೊರಟರು, ನಾನೂ ಹಿಂದೆ ಹೋದೆ. ಮುಕ್ಕಾಲು ಗಂಟೆಯ ದಾರಿ ಇಳಿಸೋಕೆ ಎರಡೂವರೆ ಗಂಟೆ ಆಯ್ತು. ಹಗಲಲ್ಲಿ ಮೆಟ್ಟಿಲ ಹಾಗೆ ಕಾಣೋ ಕಲ್ಲು ರಾತ್ರಿ ಹೊತ್ತವರ ಕಾಲಿಗೆ ಕಂದಕ. ಆ ಹುಡುಗನ ಮೂಳೆ ಮುರಿದಿತ್ತು. ಹೊತ್ತವರಲ್ಲಿ ಒಬ್ಬರಿಗೆ ವಾರ ಸೊಂಟ ನೋವು, ಅಡಿಕೆ ಕೊಯ್ಲಿನ ಕೆಲಸ ತಪ್ಪಿತು. ಆ ಹುಡುಗರ ಕಡೆಯಿಂದ ಆಮೇಲೆ ಒಂದು ಫೋನೂ ಬರಲಿಲ್ಲ.

ಹಾಗಾಗಿ ಬೆಳಿಗ್ಗೆ ಎಂಟು, ಒಂಬತ್ತರ ಒಳಗೆ ಹತ್ತೋಕೆ ಶುರು ಮಾಡಿ. ಮಧ್ಯಾಹ್ನ ಹೋಗೋದಾದ್ರೆ ಮೂರರ ಮೇಲೆ ಬೇಡ. ಚಳಿಗಾಲದಲ್ಲಿ ಆರೂಕಾಲಿಗೆ ಸೂರ್ಯ ಮುಳುಗ್ತಾನೆ, ಮರದ ಅಡಿ ಕತ್ತಲು ಅದಕ್ಕಿಂತ ಮೊದಲೇ. ಒಬ್ಬರಿಗೆ ಎರಡು ಲೀಟರ್ ನೀರು, ಒಂದು ಬ್ಯಾಟರಿ. ಮೊಬೈಲ್ ನೆಟ್‌ವರ್ಕ್ ಬರುತ್ತೆ ಹೋಗುತ್ತೆ.

ಜೂನ್‌ನಿಂದ ಸೆಪ್ಟೆಂಬರ್ ಆಗುಂಬೆ ಇರೋ ತಾಲ್ಲೂಕಿನ ಮಳೆ. ಹಸಿರು ಚೆಂದ, ಒಪ್ಪಿದೆ. ಆದ್ರೆ ಕಲ್ಲಿನ ಮೇಲೆ ಪಾಚಿ, ಮೇಲೆ ಮಂಜು, ಕಾಲಿಗೆ ಇಂಬಳ. ಇಂಬಳಕ್ಕೆ ನಾವು ಉಪ್ಪು, ಸುಣ್ಣ, ಹೊಗೆಸೊಪ್ಪು ಬಟ್ಟೆಗೆ ಕಟ್ಟಿ ಒತ್ತುತ್ತೇವೆ, ಅದೇ ಸಾಕು. ಕಚ್ಚಿದ್ರೆ ರಕ್ತ ಸೋರುತ್ತೆ, ಹೆದರೋ ವಿಷ್ಯ ಅಲ್ಲ. ಜಾರೋದು ಹೆದರೋ ವಿಷ್ಯ.

ಇಂಬಳಕ್ಕೆ ಹೆದರಿ ಉಣುಗು ಮರೀತಾರೆ ಜನ. ಮಂಗನ ಕಾಯಿಲೆ ನಮ್ಮ ಜಿಲ್ಲೆಗೆ ಹೊಸದಲ್ಲ. ವೈರಸ್ ಪತ್ತೆ ಆಗಿದ್ದೇ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ತೀರ್ಥಹಳ್ಳಿ, ಸಾಗರ, ಹೊಸನಗರದಲ್ಲಿ ವರ್ಷ ಬಿಟ್ಟು ವರ್ಷ ಕೇಳ್ತಾನೇ ಇರ್ತೀವಿ. ಉಣುಗಿನ ಕಾಲ ನವೆಂಬರ್‌ನಿಂದ ಮೇವರೆಗೆ, ಅಂದ್ರೆ ದುರ್ಗ ಹತ್ತೋಕೆ ಒಳ್ಳೇ ಕಾಲವೂ ಅದೇ. ತುಂಬು ತೋಳು, ಪ್ಯಾಂಟನ್ನ ಸಾಕ್ಸ್ ಒಳಗೆ ಸಿಕ್ಕಿಸಿ. ಆರೋಗ್ಯ ಇಲಾಖೆಯವರು ಕೊಡೋ ಡೆಪಾ ಎಣ್ಣೆ ಸಿಕ್ಕರೆ ಕೈಕಾಲಿಗೆ ಹಚ್ಚಿ. ದಾರಿ ಬಿಟ್ಟು ತರಗೆಲೆ ಮೇಲೆ ಕೂರೋದು, ಮಲಗೋದು ಬೇಡ. ಮನೆಗೆ ಬಂದ ತಕ್ಷಣ ಬಿಸಿನೀರು ಸ್ನಾನ, ಬಟ್ಟೆನೂ ಬಿಸಿನೀರಿಗೆ. ಸತ್ತ ಮಂಗ ಕಂಡ್ರೆ ಮುಟ್ಟಬೇಡಿ, ಆಶಾ ಕಾರ್ಯಕರ್ತೆಗೆ ಅಥವಾ ಪಂಚಾಯ್ತಿಗೆ ತಿಳಿಸಿ.

ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ಇದ್ದಕ್ಕಿದ್ದ ಹಾಗೆ ಜೋರು ಜ್ವರ, ತಲೆನೋವು, ಮೈಕೈ ಸಿಡಿತ ಬಂದ್ರೆ ಮೆಡಿಕಲ್ ಶಾಪಿಂದ ಮಾತ್ರೆ ತಗೊಂಡು ಸುಮ್ಮನಿರಬೇಡಿ, ಆಸ್ಪತ್ರೆಗೆ ಹೋಗಿ 'ಕಾಡಿಗೆ ಹೋಗಿದ್ದೆ' ಅಂತ ಬಾಯಿಬಿಟ್ಟು ಹೇಳಿ. ಬೆಂಗಳೂರಿನ ಡಾಕ್ಟರಿಗೆ ಇದು ತಕ್ಷಣ ಹೊಳೆಯಲಿಕ್ಕಿಲ್ಲ, ಡೆಂಗಿ ಅಂದ್ಕೋತಾರೆ. ಈ ಕಾಯಿಲೆ ಬಂದ ನೂರು ಜನರಲ್ಲಿ ಮೂರರಿಂದ ಐದು ಜನ ಸಾಯ್ತಾರೆ.

ಅಂಗಡಿಯವರಿಗೆ

ನೀರಿನ ಬಾಟ್ಲಿ ಮಾರೋದು ನೀವು, ಖಾಲಿ ಬಾಟ್ಲಿ ಬೀಳೋದು ಬೆಟ್ಟದ ಮೇಲೆ. ಮೇಲೆ ಕಸ ಹೊತ್ತು ತರೋರು ಯಾರೂ ಇಲ್ಲ. ಬಾಟ್ಲಿ ಕೊಡುವಾಗ ಒಂದು ಹಳೇ ಕೈಚೀಲನೂ ಕೊಟ್ಟು 'ಇದರಲ್ಲಿ ವಾಪಸ್ ತನ್ನಿ' ಅಂದ್ರೆ ಹತ್ತರಲ್ಲಿ ನಾಲ್ಕು ಜನ ತರ್ತಾರೆ, ಪರಿಚಯದ ಒಬ್ಬರು ಅಂಗಡಿಯಲ್ಲಿ ಮಾಡಿ ನೋಡಿದ್ದಾರೆ. ದಾರಿ ಕೇಳಿದಾಗ ಉಣುಗಿನ ಮಾತೂ ಒಂದು ಸೇರಿಸಿ. ತುರ್ತು ಇದ್ರೆ 112, ಆಂಬುಲೆನ್ಸಿಗೆ 108. ಆಂಬುಲೆನ್ಸ್ ಬೆಟ್ಟ ಹತ್ತಲ್ಲ, ಕೆಳಗೆ ಊರವರೆಗೆ ಬರುತ್ತೆ ಅಷ್ಟೇ.

ಮತ್ತೆ, ಸಂಜೆ ನಾಲ್ಕರ ಮೇಲೆ ಯಾರಾದ್ರೂ ದಾರಿ ಕೇಳಿದ್ರೆ ಇವತ್ತು ಪೇಟೆಯಲ್ಲೇ ಉಳ್ಕೊಂಡು ಬೆಳಿಗ್ಗೆ ಹೋಗಿ ಅನ್ನಿ. ಲಾಡ್ಜಿನವರಿಗೂ ವ್ಯಾಪಾರ ಆಯ್ತು, ಕಂಬಳಿ ಹೊತ್ತು ಹೋಗೋ ಊರಿನವರಿಗೂ ರಾತ್ರಿ ನಿದ್ದೆ ಸಿಕ್ತು.