ನಕ್ಷೆ ಬರೆಯುವ ಕೆಲಸ ಯಾರದು?

1981ರಲ್ಲಿ ‘ವಿಝಾರ್ಡ್ರಿ’ ಆಡಲು ಕೂತವರ ಪಕ್ಕದಲ್ಲಿ ಗ್ರಾಫ್ ಹಾಳೆ, ಪೆನ್ಸಿಲ್ ಇರಲೇಬೇಕಿತ್ತು. ಆಪಲ್ 2 ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಬಿಳಿ ಗೆರೆಗಳ ನಾಲ್ಕು ಗೋಡೆ, ಒಂದು ಬಾಗಿಲು, ಅಷ್ಟೇ. ನೆಲಮಾಳಿಗೆಗೆ 10 ಅಂತಸ್ತು. ಒಂದೊಂದರಲ್ಲೂ ಉದ್ದಕ್ಕೆ 20, ಅಡ್ಡಕ್ಕೆ 20 ಚೌಕ. ಹೆಜ್ಜೆ ಇಟ್ಟಂತೆಲ್ಲ ಹಾಳೆಯ ಮೇಲೊಂದು ಮನೆ ತುಂಬಬೇಕು. ಕೆಲವು ಚೌಕಗಳಿಗೆ ಕಾಲಿಟ್ಟರೆ ಸದ್ದಿಲ್ಲದೆ ದಿಕ್ಕೇ ತಿರುಗಿಬಿಡುತ್ತಿತ್ತು. ಅಷ್ಟು ಹೊತ್ತು ಬರೆದ ನಕ್ಷೆ ತಪ್ಪೆಂದು ಆಮೇಲೆ ಗೊತ್ತಾಗುತ್ತಿತ್ತು. ಗುಂಪಿನಲ್ಲಿ ಯಾರಾದರೂ ಸತ್ತರೆ ಗುಡಿಗೆ ಹಣ ಕಟ್ಟಿ ಬದುಕಿಸಿಕೊಳ್ಳಬೇಕು, ಅಲ್ಲೂ ಅದೃಷ್ಟ ಕೈಕೊಟ್ಟರೆ ಹೆಣ ಬೂದಿ. ಇಷ್ಟು ಗೋಳು ಹೊಯ್ದುಕೊಳ್ಳುವ ಆಟವನ್ನು ಜನ ದುಡ್ಡು ಕೊಟ್ಟು ಕೊಂಡರು.

ಒಬ್ಬರೇ ಕೂತು ಆಡುವ ಫ್ಯಾಂಟಸಿ ರೋಲ್ ಪ್ಲೇಯಿಂಗ್ ಗೇಮಿನ, ಆಡುವವರ ಬಾಯಲ್ಲಿ ಆರ್‌ಪಿಜಿಯ, ಸೆಳೆತ ಏನೆಂದು ಕೇಳಿದರೆ ಬೇರೆ ಲೋಕ, ಬೇರೆ ವೇಷ ಎನ್ನುತ್ತಾರೆ. ಅದು ಅರ್ಧ ಉತ್ತರ. ಬೇರೆ ಲೋಕ ಸಿನಿಮಾದಲ್ಲೂ ಇದೆ. ಈ ಆಟಗಳು ನಡೆದುಬಂದ ದಾರಿ ನೋಡಿದರೆ, ಆಡುವವನ ಪಾಲಿಗೆ ಎಷ್ಟು ಕೆಲಸ ಬಿಡಬೇಕು ಎಂಬ ಜಗ್ಗಾಟವೇ ಉದ್ದಕ್ಕೂ ಕಾಣುತ್ತದೆ.

ಬೇರು ಇರುವುದು ಕಂಪ್ಯೂಟರಿನಲ್ಲಲ್ಲ, ಮೇಜಿನ ಮೇಲೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ತಂದರು. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಪಾತ್ರಗಳಾಗುತ್ತಾರೆ, ಗೆದ್ದೆವೋ ಸೋತೆವೋ ದಾಳ ಹೇಳುತ್ತದೆ. ತೊಂದರೆ ಒಂದೇ: ನಾಲ್ಕೈದು ಗೆಳೆಯರು ಒಂದೇ ಸಂಜೆ ಬಿಡುವಾಗಿರಬೇಕು. ಮರುವರ್ಷವೇ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಕಂಪ್ಯೂಟರಿನಲ್ಲಿ ವಿದ್ಯಾರ್ಥಿಗಳು ಆ ಕಥೆಗಾರನ ಜಾಗಕ್ಕೆ ಯಂತ್ರವನ್ನು ಕೂರಿಸಿದರು. ‘ಪೆಡಿಟ್5’ ಎಂಬ ಆಟ ಪಾಠದ ಕಡತದಂಥ ಹೆಸರಿಟ್ಟುಕೊಂಡು ಅಡಗಿತ್ತು. ಮೇಲ್ವಿಚಾರಕರ ಕಣ್ಣಿಗೆ ಬಿದ್ದಾಗ ಅಳಿಸಿಹೋಗುತ್ತಿತ್ತು. 1980ರ ‘ರೋಗ್’ನಲ್ಲಿ ಚಿತ್ರವೇ ಇಲ್ಲ. ನಾಯಕ ಅಂದರೆ @ ಚಿಹ್ನೆ, ರಾಕ್ಷಸರು ಅಂದರೆ ಇಂಗ್ಲಿಷ್ ವರ್ಣಮಾಲೆ. ಒಂದು ಅಕ್ಷರ ಎದುರಿಗೆ ಬಂತೆಂದು ಬೆವರುವುದನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ.

‘ಅಲ್ಟಿಮಾ’ ಆಟಗಳನ್ನು ರೂಪಿಸಿದ ರಿಚರ್ಡ್ ಗ್ಯಾರಿಯಟ್ ಆಡುವವನ ಮನಸ್ಸಾಕ್ಷಿಗೂ ಕೆಲಸ ಹಚ್ಚಿದರು. 1985ರ ‘ಅಲ್ಟಿಮಾ 4’ರಲ್ಲಿ ಕೊನೆಗೆ ಕೊಲ್ಲಬೇಕಾದ ಖಳನಿಲ್ಲ. ಪ್ರಾಮಾಣಿಕತೆ, ಕರುಣೆ, ವಿನಯ ಮೊದಲಾದ ಎಂಟು ಗುಣಗಳನ್ನು ಸಾಧಿಸಿ ‘ಅವತಾರ’ ಆಗಬೇಕು. ಪದ ಹೋದದ್ದು ನಮ್ಮ ಕಡೆಯಿಂದಲೇ, ಆದರೆ ದಾರಿಯಲ್ಲಿ ತಲೆಕೆಳಗಾಯಿತು: ನಮ್ಮ ಅವತಾರ ಮೇಲಿನಿಂದ ಇಳಿಯುತ್ತದೆ, ಅವರದು ಕೆಳಗಿನಿಂದ ಹತ್ತುತ್ತದೆ. ಅಲ್ಲೊಬ್ಬಳು ಕುರುಡಿ ಬೇರು-ನಾರು ಮಾರುತ್ತಾಳೆ. ಬೆಲೆ ಹೇಳುತ್ತಾಳೆ, ನಾಣ್ಯ ಎಣಿಸಿ ಹಾಕುವವನು ನೀನು. ಕಡಿಮೆ ಹಾಕಿದರೂ ಅವಳು ಸುಮ್ಮನೆ ತೆಗೆದುಕೊಳ್ಳುತ್ತಾಳೆ. ಆಟ ಮಾತ್ರ ಲೆಕ್ಕ ಇಟ್ಟುಕೊಂಡಿರುತ್ತದೆ.

ಜಪಾನಿನಲ್ಲಿ ಯೂಜಿ ಹೊರಿಯಿ ‘ವಿಝಾರ್ಡ್ರಿ’, ‘ಅಲ್ಟಿಮಾ’ ಎರಡನ್ನೂ ಅರೆದು ಮಕ್ಕಳಿಗೂ ಅರಗುವಂತೆ 1986ರಲ್ಲಿ ‘ಡ್ರ್ಯಾಗನ್ ಕ್ವೆಸ್ಟ್’ ಮಾಡಿದರು. ಆಟ ಉಳಿಸಿಡಲು ಸೌಲಭ್ಯವಿರಲಿಲ್ಲ. ಮಲಗುವ ಮುನ್ನ 20 ಅಕ್ಷರಗಳ ‘ಪುನರುಜ್ಜೀವನ ಮಂತ್ರ’ ಬರೆದುಕೊಳ್ಳಬೇಕು. ಒಂದಕ್ಷರ ತಪ್ಪಿದರೂ ಅಲ್ಲಿಯವರೆಗಿನ ಶೌರ್ಯವೆಲ್ಲ ನೀರಪಾಲು. ಮರುವರ್ಷ ‘ಫೈನಲ್ ಫ್ಯಾಂಟಸಿ’ ಬಂತು; ಆ ಕವಲು ಮುಂದೆ ಬೇರೆಯದೇ ಮರವಾಯಿತು.

1998ರಲ್ಲಿ ಕೆನಡಾದ ಬಯೋವೇರ್ ಐದು ಸಿಡಿಗಳಲ್ಲಿ ‘ಬಾಲ್ಡರ್ಸ್ ಗೇಟ್’ ತಂದಾಗ ಹಳೆಯ ಮೇಜಿನ ಗೆಳೆಯರು ಹೊಸ ರೂಪದಲ್ಲಿ ಮರಳಿದರು. ಹ್ಯಾಮ್‌ಸ್ಟರ್ ಒಂದನ್ನು ಜತೆಗಿಟ್ಟುಕೊಂಡು ಅದರ ಸಲಹೆ ಕೇಳುವ ಮಿನ್ಸ್ಕ್‌ನಂಥ ಜತೆಗಾರರು ಯಂತ್ರದೊಳಗಿನವರು ಎಂಬುದು ಆಡುತ್ತ ಮರೆತೇಹೋಗುತ್ತದೆ.

ಜಗ್ಗಾಟ ಬಿಗಿಯಾದದ್ದು ಬೆಥೆಸ್ಡಾ ಕಂಪನಿಯ ಆಟಗಳಲ್ಲಿ. 2002ರ ‘ಮೊರೊವಿಂಡ್’ನಲ್ಲಿ ದಾರಿ ಕೇಳಿದರೆ ನಮ್ಮೂರ ಕಟ್ಟೆಯ ಮೇಲಿನವರಂತೆ ಹೇಳುತ್ತಾರೆ: ಸೇತುವೆ ದಾಟು, ಎಡಕ್ಕೆ ತಿರುಗು, ಬಂಡೆ ಸಿಗುತ್ತದೆ. ಕೆಲವೊಮ್ಮೆ ತಪ್ಪು ದಾರಿಯನ್ನೂ ಹೇಳುತ್ತಾರೆ! 2006ರ ‘ಅಬ್ಲಿವಿಯನ್’ ದಿಕ್ಸೂಚಿಯ ಮೇಲೆ ಗುರುತಿಟ್ಟಿತು. ಅನುಕೂಲವೇನೋ ಆಯಿತು, ಆದರೆ ಕಣ್ಣು ಕಾಡನ್ನು ಬಿಟ್ಟು ಗುರುತನ್ನೇ ನೋಡತೊಡಗಿತು. 2011ರ ‘ಸ್ಕೈರಿಮ್’ನಲ್ಲೂ ಆ ಗುರುತಿದೆ, ಆದರೆ ಅದನ್ನು ಮರೆಸುವಷ್ಟು ದೂರದಲ್ಲೊಂದು ಗೋಪುರ, ಹೊಗೆ, ಗುಹೆ ಕಾಣುತ್ತಲೇ ಇರುತ್ತದೆ. ಲೋಕವನ್ನೇ ನುಂಗಲು ಆಲ್ಡುಯಿನ್ ಎಂಬ ಡ್ರ್ಯಾಗನ್ ಎದ್ದು ಬಂದಿತ್ತು, ತಡೆಯಬೇಕಾದವನು ನಾನು. ನಾನೋ ಗುಡ್ಡದ ನೀಲಿ ಹೂ ಕೀಳುತ್ತ, ಕಂಡವರ ಮನೆಯ ಚೀಸ್ ಕದಿಯುತ್ತ ವಾರಗಟ್ಟಲೆ ತಿರುಗಿದೆ. ಡ್ರ್ಯಾಗನ್ ಪಾಪ ಕಾದಿತು. 2004ರ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನಂಥ ಜನಜಂಗುಳಿಯ ಆಟಗಳಲ್ಲಿ ಒಬ್ಬನೇ ರಾಕ್ಷಸನನ್ನು ಕೊಲ್ಲಲು ಸಾವಿರಾರು ವೀರರು ಸಾಲುಗಟ್ಟುತ್ತಾರೆ, ಅಲ್ಲಿ ಯಾರೂ ಯಾರಿಗೂ ಕಾಯುವುದಿಲ್ಲ.

ಪೋಲೆಂಡಿನ ‘ವಿಚರ್ 3’ (2015) ಕೊಡುವ ಕೆಲಸ ಇನ್ನೊಂದು ಬಗೆಯದು. ಕುಡುಕ ಸರದಾರನೊಬ್ಬ ಹೆಂಡತಿಯನ್ನು ಹೊಡೆದು ಗರ್ಭ ಹೋಗಿದೆ. ಹೆಸರಿಡದೆ ಹೂತ ಆ ಕೂಸು ದೆವ್ವವಾಗಿ ಏಳುತ್ತದೆ. ಕತ್ತಿಯಿಂದ ಮುಗಿಸಬಹುದು. ಇಲ್ಲವೇ ಅವನೇ ಅದನ್ನು ಎತ್ತಿಕೊಂಡು ಮನೆಯ ಹೊಸ್ತಿಲಲ್ಲಿ ಹೂತು ಹೆಸರಿಡಬೇಕು. ರಾತ್ರಿಯ ಮಳೆಯಲ್ಲಿ ಆ ದಪ್ಪ ಮನುಷ್ಯ ಕೂಸನ್ನು ಅವುಚಿಕೊಂಡು ನಡೆಯುತ್ತಾನೆ. ಅದು ಮಿಸುಕಾಡಿದಾಗಲೆಲ್ಲ ಸಮಾಧಾನ ಮಾಡುವುದು ಆಡುವವನ ಪಾಲಿಗೆ. ಅವನನ್ನು ಕ್ಷಮಿಸಬೇಕೋ ಬೇಡವೋ ಎಂದು ಆಟ ಎಲ್ಲೂ ಹೇಳಿಕೊಡುವುದಿಲ್ಲ.

ಜಪಾನಿನ ಆಟ ನಿರ್ದೇಶಕ ಹಿಡೆಟಕ ಮಿಯಾಝಾಕಿ ಹೀಗೆ ಹೇಳದೆ ಬಿಡುವುದನ್ನೇ ಶೈಲಿಯಾಗಿಸಿಕೊಂಡರು. ಹುಡುಗನಾಗಿದ್ದಾಗ ಅವರು ಇಂಗ್ಲಿಷಿನ ಫ್ಯಾಂಟಸಿ ಪುಸ್ತಕಗಳನ್ನು ಓದುತ್ತಿದ್ದರಂತೆ. ಅರ್ಥವಾಗದ ಕಡೆ ಕಥೆಯನ್ನು ತಾವೇ ತುಂಬಿಕೊಳ್ಳುತ್ತಿದ್ದರು. 2011ರ ‘ಡಾರ್ಕ್ ಸೋಲ್ಸ್’, 2022ರ ‘ಎಲ್ಡನ್ ರಿಂಗ್’ ಎರಡರಲ್ಲೂ ಕಥೆ ಇರುವುದು ಹಳೆಯ ಉಂಗುರ, ಕತ್ತಿಗಳ ಮೇಲಿನ ನಾಲ್ಕು ಸಾಲಿನ ಟಿಪ್ಪಣಿಗಳಲ್ಲಿ, ಚೂರು ಚೂರಾಗಿ. ಇವುಗಳ ಭಾಷಾಪಟ್ಟಿಯಲ್ಲಿ ಕನ್ನಡವಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗರು ಅರ್ಧ ತಿಳಿದ ಇಂಗ್ಲಿಷಿನಲ್ಲಿ ಆಡುತ್ತ ಮಿಯಾಝಾಕಿಯ ಬಾಲ್ಯವನ್ನೇ ಬದುಕುತ್ತಿರುತ್ತಾರೆ. ಅದು ಸುಖವೋ ಅನ್ಯಾಯವೋ, ಎರಡೂ ಇರಬೇಕು.

2023ರ ‘ಬಾಲ್ಡರ್ಸ್ ಗೇಟ್ 3’ ಬೆಲ್ಜಿಯಂನ ಲೇರಿಯನ್‌ನದು. ನಾಲ್ವರು ಸೇರಿಯೂ ಆಡಬಹುದು, ಒಬ್ಬರೇ ಆಡುವ ಸುಖವೇ ಬೇರೆ. 1974ರ ದಾಳ ಇಲ್ಲಿ ಅಡಗಿಕೊಂಡಿಲ್ಲ. 20 ಮುಖಗಳನ್ನೂ ತೋರಿಸುತ್ತ ಪರದೆಯ ನಡುವೆಯೇ ಉರುಳುತ್ತದೆ. ಒಮ್ಮೆ ಮಾತಿನಲ್ಲೇ ಬಗೆಹರಿಯಬಹುದಾಗಿದ್ದ ಜಗಳದಲ್ಲಿ ನನಗೆ 1 ಬಿತ್ತು. ಎಫ್8 ಒತ್ತಿದರೆ ಹಿಂದೆ ಉಳಿಸಿಟ್ಟ ಗಳಿಗೆಗೆ ಮರಳಬಹುದಿತ್ತು. ಒತ್ತಲಿಲ್ಲ. ಕತ್ತಿ ಹಿರಿದವರ ಜತೆ ಕಾದಾಡಿ, ಜತೆಗಾರನೊಬ್ಬನನ್ನು ಕಳೆದುಕೊಂಡು, ಬೆಳಗಿನ ಎರಡು ಗಂಟೆಗೆ ಎದ್ದೆ.